ಹೊಲಿಯದೆ ಬಿಟ್ಟ ಎಲೆ

ಬುಖಾರಾ
ಅಕ್ಟೋಬರ್ ಹನ್ನೆರಡು, ಭಾನುವಾರ

ಪ್ರೀತಿಯ ತಂಗಿ ಮಾಹ್‌ನಿಸೋಗೆ,

ಸಂಜೆ ಐದು ಗಂಟೆ. ಚಹಾ ಇಟ್ಟು ಕೂತಿದ್ದೇನೆ. ಬೆಳಿಗ್ಗೆ ಅಂಗಳ ಗುಡಿಸಿದೆ, ರೊಟ್ಟಿ ತಂದೆ. ಆಮೇಲೆ ನನ್ನ ಮಗಳು ಜುಲ್ಹುಮೋರಳ ವಸ್ತುಗಳನ್ನು ತರಲು ಮೀರ್‌ಸಾಲಿಹ್ ಸಾಹುಕಾರರ ಹಳೆಯ ಮನೆಗೆ, ಈಗಿನ ಮ್ಯೂಸಿಯಂಗೆ, ಹೋದೆ. ಅವಳು ಅಷ್ಟು ವರ್ಷ ಅಲ್ಲಿ ಬಂದವರಿಗೆ ಮನೆ ತೋರಿಸುವ ಕೆಲಸ ಮಾಡಿದಳು, ನಾನು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಪಕ್ಕದ ಬೀದಿಯಲ್ಲೇ ಇದೆ, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡಿದ್ದೆ.

ನಿನಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಗೊತ್ತು. ಅವಳು ತೀರಿಹೋದ ನಲವತ್ತನೇ ದಿನದ ಊಟ ಮುಗಿದ ಮೇಲೆ ನೀನು ಬಾಗಿಲ ಬಳಿ ಮೆಲ್ಲಗೆ ಕೇಳಿದೆ. ಅವಳ ಮದುವೆಗೆಂದು ನಾವಿಬ್ಬರೂ ಒಂದೊಂದು ಪಟ್ಟಿ ಹೊಲಿದು ಜೋಡಿಸಿದ, ಗೋಡೆಗೆ ತೂಗುಹಾಕುವ ಕಸೂತಿ ಸುಜಾನಿಯನ್ನು ನಿನ್ನ ಮಗಳು ನಿಗೋರಾಗೆ ಕೊಡಬಹುದೇ ಎಂದು. ನಿಗೋರಾಳ ಮದುವೆ ಮುಂದಿನ ತಿಂಗಳು, ಹೊಸದು ಹೊಲಿಯಲು ಸಮಯವಿಲ್ಲ. ಕೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಕೋಪವೂ ಬರಲಿಲ್ಲ, ಅಳುವೂ ಬರಲಿಲ್ಲ. ರೊಟ್ಟಿ ಸುತ್ತುವ ಬಟ್ಟೆ ಮಡಿಸುತ್ತಾ ನಿಂತುಬಿಟ್ಟೆ.

ಸಾಹುಕಾರರ ಮನೆಯ ಬಾಗಿಲಲ್ಲಿ ಕಾವಲಿನ ಎರ್ಗಶಣ್ಣ ಕೂತಿದ್ದ. “ಜಪಾನಿನವ್ರು ಬರ್ತಾರೆ, ಜರ್ಮನಿಯವ್ರು ಬರ್ತಾರೆ, ಈ ಓಣಿಯವ್ರಿಗೆ ಮಾತ್ರ ದಾರಿ ಸಿಗಲ್ಲ ನೋಡಮ್ಮ,” ಎಂದ. ಆಮೇಲೆ ನನ್ನ ಶೋಕದ ನೀಲಿ ಬಟ್ಟೆ ನೋಡಿದ, ಮುಖ ನೋಡಿದ, ಎದ್ದು ನಿಂತ.

ಅವಳ ಜೊತೆ ಕೆಲಸ ಮಾಡುತ್ತಿದ್ದ ಶೋಯಿರಾ ಒಂದು ಚೀಲ ತಂದುಕೊಟ್ಟಳು. ಚಪ್ಪಲಿ, ಚಹಾ ಬಟ್ಟಲು, ಚಳಿಗೆ ಹೊದೆಯುತ್ತಿದ್ದ ಶಾಲು. “ಒಳಗೆ ಬನ್ನಿ ಅಮ್ಮಾ. ಬಾಗಿಲಿಂದಾನೇ ಕಳಿಸಿದ್ರೆ ಅವಳು ನನ್ನ ಬೈತಾಳೆ,” ಎಂದವಳು ತುಟಿ ಕಚ್ಚಿಕೊಂಡಳು.

ಹೋದೆ. ಆ ಸಾಹುಕಾರರು ಕುರಿಮರಿ ಚರ್ಮ ಮಾರಿದ ಹಣದಲ್ಲಿ ಏನೆಲ್ಲ ಕೂಡಿಹಾಕಿದ್ದಾರೆ. ಗೂಡು ಗೂಡಿನಲ್ಲೂ ಚಹಾದಾನಿ, ದೀಪ, ಕುದುರೆಯ ಜೀನು. ಎಲ್ಲವನ್ನೂ ನೋಡಿದೆ. ಈಗ ಒಂದರ ಬಣ್ಣವೂ ನೆನಪಿಲ್ಲ.

ಅತಿಥಿಗಳ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಳೆಯ ಸುಜಾನಿ. ತಾಷ್ಕೆಂಟಿನ ದಂಪತಿಗಳಿಗೆ ಶೋಯಿರಾ ಹೇಳುತ್ತಿದ್ದಳು: “ನಮ್ಮ ಕಡೆ ತಾಯಿ ಮಗಳಿಗೆ ಹೊಲಿದ್ರೆ ಒಂದು ಮೂಲೇನ ಹಾಗೇ ಬಿಡ್ತಾಳೆ. ಬರೀ ಶಾಯಿಯ ಗೆರೆ, ಮುಂದೆ ಮಗಳೇ ಹೊಲೀಲಿ ಅಂತ. ಸಾಹುಕಾರರು ಕೊಂಡಾಗ ಇದ್ರಲ್ಲೂ ಹಾಗೇ ಇತ್ತಂತೆ. ಆಮೇಲೆ ರಿಪೇರಿಗೆ ಬಂದವ್ರು, ಅಯ್ಯೋ ಕೆಲಸ ಅರ್ಧಕ್ಕೆ ನಿಂತಿದೆ ಅಂತ ತುಂಬಿಬಿಟ್ರು.” ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಜುಲ್ಹುಮೋರ್ ದಿನಾ ಇಲ್ಲಿ ನಿಂತು, ಯಾರ ಮಗಳ ಕೆಲಸಾನ ಕಿತ್ಕೊಂಡ್ರಪ್ಪಾ ಪುಣ್ಯಾತ್ಮರು, ಅಂತಿದ್ಲು. ಬಂದವ್ರೆಲ್ಲ ನಗೋರು.”

ಆ ಮೂಲೆಯಲ್ಲಿ ಅವರು ತುಂಬಿದ್ದ ಎಲೆಯನ್ನು ತುಂಬಾ ಹೊತ್ತು ನೋಡಿದೆ. ಹೊಲಿಗೆ ಅಚ್ಚುಕಟ್ಟಾಗಿತ್ತು, ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಬಣ್ಣವೂ ಸರಿಯಾಗಿತ್ತು. ಆದರೆ ಅಲ್ಲಿಂದ ಮುಂದೆ ಮಾಡಲು ಯಾರಿಗೂ ಏನೂ ಉಳಿದಿರಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಸುಜಾನಿ ನಿಗೋರಾಗೇ ಇರಲಿ. ಬಲಗಡೆಯ ಕೆಳಮೂಲೆಯಲ್ಲಿ ಬಾದಾಮಿ ಎಲೆಯೊಂದು ಬರೀ ಗೆರೆಯಲ್ಲಿದೆ. ಅದನ್ನು ನೀನು ಮುಟ್ಟಬೇಡ. ಅರ್ಧ ಕೆಲಸ ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ. ಗಂಡನ ಮನೆಯಲ್ಲಿ ಕೂತು ಅವಳೇ ಹೊಲಿಯಲಿ. ಸೊಟ್ಟಗಾದರೂ ಆಗಲಿ.

ಮದುವೆಗೆ ನಾನು ಬರುವುದಿಲ್ಲ. ಈ ನೀಲಿ ಬಟ್ಟೆಯಲ್ಲಿ ಬಂದು ಕೂತರೆ ಜನ ಹಾಡಲು ಹಿಂಜರಿಯುತ್ತಾರೆ. ಚಹಾ ಆರಿಹೋಯಿತು, ಇನ್ನೊಮ್ಮೆ ಇಡಬೇಕು.

ನಿನ್ನ ಅಕ್ಕ,
ಸಲೋಮತ್

ಮತ್ತೊಂದು ಮಾತು: ಮಡಿಕೆ ಬಿಚ್ಚುವಾಗ ಕೈ ಜೋಪಾನ. ಆ ಎಲೆಯ ಪಕ್ಕದಲ್ಲಿ ಹಸಿರು ದಾರ ಪೋಣಿಸಿದ ಸೂಜಿ ಚುಚ್ಚಿಟ್ಟಿದ್ದೇನೆ. ನಿನ್ನೆ ಅದನ್ನು ಹೊಲಿದು ಮುಗಿಸಿ, ಸುಜಾನಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಬೀಗ ಹಾಕಿಬಿಡೋಣ ಎಂದು ಕೂತಿದ್ದೆ. ಸೂಜಿ ಅಲ್ಲೇ ಇರಲಿ, ನಿಗೋರಾಗೆ ಬೇಕಾಗುತ್ತದೆ. ಪಕ್ಕದ ಮನೆಯ ಸೋಬಿರನ ಕಾರು ನಾಳೆ ಬೆಳಿಗ್ಗೆ ಎಂಟಕ್ಕೆ ನಿಮ್ಮೂರಿಗೆ ಹೊರಡುತ್ತದೆ, ಸುಜಾನಿಯನ್ನೂ ಈ ಕಾಗದವನ್ನೂ ಅವನ ಕೈಯಲ್ಲಿ ಕೊಡುತ್ತೇನೆ.