ಕಪ್ಪು ಚುಕ್ಕೆ ಬಿದ್ದ ಹುಳುಗಳು

ಹುಳುಮನೆ,
ಬುಧವಾರ ಮಧ್ಯಾಹ್ನ

ನನ್ನ ಮುದ್ದಿನ ಅಣ್ಣಾ,

ಹೇಗಿದ್ದೀಯೋ? ಊಟ ಸೇರುತ್ತಿದೆಯಾ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತರೆ ದನಿಯಾದರೂ ಎಲ್ಲಿಂದ ಬರಬೇಕು! ರಕ್ತ ಹಾಕಿಸಿದ ಮೇಲೆ ಕೆನ್ನೆಗೆ ಬಣ್ಣ ಬಂದಿದೆ ಅಂತ ಅತ್ತಿಗೆ ಅಂದರು. ನನ್ನ ಸಮಾಧಾನಕ್ಕೆ ಅಂದದ್ದೋ ಏನೋ.

ಇಲ್ಲಿ ರೇಷ್ಮೆಹುಳುಗಳು ಜ್ವರಕ್ಕೆ ಕೂತಿವೆ. ಗಾಬರಿಯಾಗಬೇಡ, ಪೊರೆ ಬಿಡುವ ಮೊದಲು ತಲೆಯೆತ್ತಿಕೊಂಡು ನಿದ್ದೆ ಹೋಗುತ್ತವಲ್ಲ, ಅದಕ್ಕೆ ನಾವು ಹಾಗನ್ನುವುದು. ಕೋಣೆಯೆಲ್ಲ ನಿಶ್ಶಬ್ದ. ಕಿಟಕಿಯ ಬಲೆಯಲ್ಲಿ ಸೋಸಿ ಬರುವ ಬಿಸಿಲಿಗೆ ಕೂತು ಬರೆಯುತ್ತಾ ನಾನೂ ನೀರಿನಡಿ ತೇಲುತ್ತಿದ್ದೇನೆ ಅನ್ನಿಸುತ್ತಿದೆ.

ಕಳೆದ ಬೆಳೆಯಲ್ಲಿ ಈ ಬಲೆ ಹರಿದು ಊಜಿ ನೊಣ ನುಗ್ಗಿತ್ತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನೇ ತಿಂದು ಕೊಬ್ಬುತ್ತದೆ. ಉಂಡ ಮನೆಯ ಜಂತೆ ಎಣಿಸುವವರೇ ವಾಸಿ! ಹೊಕ್ಕ ಕಡೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಬಿಳಿ ಗೂಡು ಕಟ್ಟುವ ತಳಿಯ ಹುಳುಗಳು ತಟ್ಟೆ ತಟ್ಟೆಯೇ ಸತ್ತುಬಿದ್ದವು. "ಎಲ್ಲ ಸುಟ್ಟುಬಿಡಿ" ಅಂದರು ನಮ್ಮ ರೇಷ್ಮೆ ಸಂಶೋಧನಾ ಕೇಂದ್ರದ ಮೇಡಂ. ಆದರೆ ಹಳದಿ ಗೂಡಿನ ಹಳೇ ತಳಿಯ ಒಂದು ತಟ್ಟೆಯಲ್ಲಿ ಚುಕ್ಕೆ ಬಿದ್ದವೂ ಸೊಪ್ಪು ಮೇಯುತ್ತಿದ್ದವು. ನಾನು ಅದನ್ನು ಎದೆಗವಚಿಕೊಂಡು ನಿಂತೆ. "ಹುಚ್ಚಿ, ಬೇರೆ ಕೋಣೆಗಿಟ್ಟು ಬಾಗಿಲು ಭದ್ರ ಮಾಡು" ಅಂದರು.

ಅವುಗಳಲ್ಲೂ ಕೆಲವು ಸತ್ತವು. ಉಳಿದು ಗೂಡು ಕಟ್ಟಿದವುಗಳ ಸಂತಾನವನ್ನು ಸಾಕಿ, ಈ ಸಲ ಬಲೆಪೆಟ್ಟಿಗೆಯೊಳಗೆ ಬಿಳಿಯವುಗಳ ಜೊತೆಗೇ ನೊಣಕ್ಕೆ ಒಡ್ಡಿದೆವು. ನೊಣ ಭೇದ ಮಾಡಲಿಲ್ಲ, ಎರಡರ ಮೇಲೂ ಮೊಟ್ಟೆಯಿಟ್ಟಿತು. ಬಿಳಿಯವು ಹೋದವು; ಹಳದಿಯವು ಬಹುಪಾಲು ಉಳಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಳದಿ ಹುಳುವಿನ ರಕ್ತದ ಕಣಗಳು ಒಳಹೊಕ್ಕ ಆ ಕಳ್ಳಮರಿಯನ್ನು ಮುತ್ತಿ, ಕಪ್ಪು ಚೀಲವಾಗಿ ಉಸಿರುಗಟ್ಟಿಸಿದ್ದವು! "ಇದು ಸೊಪ್ಪಿನ ಗುಣವಲ್ಲ ಕಣೇ, ವಂಶವಾಹಿಯದು. ಹೆತ್ತವು ಕೊಟ್ಟು ಹೋದದ್ದು" ಅಂತ ಮೇಡಂ ನನ್ನ ತೋಳು ಹಿಡಿದರು. ನಿನ್ನ ನೆನಪಾಯಿತು. ಕಣ್ಣು ಮಂಜಾಗಿ ಆಮೇಲೆ ಏನೂ ಕಾಣಲಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅತ್ತಿಗೆಗೆ ನನ್ನ ನಮಸ್ಕಾರ. ಸೂಜಿ ಹಿಡಿದು ಬರುವ ನರ್ಸಮ್ಮನ ಹತ್ತಿರ ಜಗಳ ತೆಗೆಯಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಡಾಕ್ಟರ ಫೋನು ಬಂತು. ನೀನು ಬೇಡ ಅನ್ನುತ್ತೀಯ ಅಂತ ಗುಟ್ಟಾಗಿ ರಕ್ತ ಪರೀಕ್ಷೆ ಮಾಡಿಸಿದ್ದೆ. ನನ್ನ ಮೂಳೆಮಜ್ಜೆ ನಿನಗೆ ಪೂರ್ತಿ ಹೊಂದುತ್ತದಂತೆ! ನಾಳೆಯೇ ಹೊರಟೆ, ಈ ಕಾಗದವನ್ನೂ ನಾನೇ ತರುತ್ತೇನೆ. ತೌಡು ಕೊಟ್ಟು ತಂದ ಮಗು ಅಂತ ಚಿಕ್ಕಂದಿನಲ್ಲಿ ಎಷ್ಟು ಅಳಿಸಿದ್ದೀಯ ನನ್ನ. ಇನ್ನೊಮ್ಮೆ ಹಾಗನ್ನು, ನೋಡೋಣ.