ಹೆಸರು ಕೇಳದ ಮನೆ

ನೆತ್ತಿಗುಡ್ಡ ತಂಗುಮನೆ
ಫೆಬ್ರವರಿ 30, 2191

ಪ್ರೀತಿಯ ಫಿಲೋಮಿನಾ ಟೀಚರ್,

ತಾರೀಕು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ತಳ್ಳಿದ್ದಾರೆ. ನನ್ನ ಮಾತುಗಳೂ ನಿಮ್ಮ ಕಾಲದ ಕಿವಿಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನನ್ನ ಹೆಸರು ಯಮುನಾ. ನೀವು ಕಟ್ಟಿಸಿದ ಹಾಸ್ಟೆಲನ್ನು ನೋಡಿಕೊಳ್ಳುತ್ತಿರುವ ಒಂಬತ್ತನೆಯವಳು.

ಭೂಗೋಳ ಕಲಿಸುತ್ತಿದ್ದ ನೀವು, ಬೆಟ್ಟವನ್ನು ನಕಾಶೆಯಲ್ಲಷ್ಟೇ ಕಂಡ ಹುಡುಗಿಯರಿಗಾಗಿ ಹೆಂಚನ್ನು ತಲೆಹೊರೆಯಲ್ಲಿ ತರಿಸಿ ಈ ಮನೆ ಕಟ್ಟಿಸಿದ ಕಥೆಯನ್ನು ಇಲ್ಲಿ ಇಂದಿಗೂ ಹೇಳುತ್ತಾರೆ. ಈಗಲೂ ಎಂಟು ಗಂಟೆ ಹತ್ತಿದರೇ ಇದು ಸಿಗುವುದು. ಬಂದವರ ಕಾಲಿಗೆ ಮೊದಲು ಬಿಸಿನೀರು, ಆಮೇಲೆ ಕಾಳುಮೆಣಸಿನ ಕಷಾಯ, ಹುರುಳಿ ಚಟ್ನಿಯ ಜೊತೆ ಗಂಜಿ. ಮಂಜು ಸರಿದರೆ ಪಡುವಣದಲ್ಲಿ ಕಡಲು ಕಾಣುತ್ತದೆ, ನಿಮ್ಮ ಕಾಲಕ್ಕಿಂತ ಬಹಳ ಹತ್ತಿರದಲ್ಲಿ. ಆದರೆ ಜನ ಮತ್ತೆ ಮತ್ತೆ ಬರುತ್ತಿದ್ದುದು ಇದಕ್ಕಲ್ಲ. ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಬಂದ ಹುಡುಗಿಯೊಬ್ಬಳಿಗಾಗಿ ನೀವು ಮಾಡಿದ ನಿಯಮಕ್ಕಾಗಿ: ಇಲ್ಲಿ ಯಾರ ಹೆಸರನ್ನೂ ಕೇಳಬಾರದು.

ನಾನೂ ಹಾಗೆ ಓಡಿ ಬಂದವಳೇ. ಇಪ್ಪತ್ತಾರು ವರ್ಷದ ಹಿಂದೆ ನನಗೆ ಕಷಾಯ ಕೊಟ್ಟವರು ಅಡುಗೆಯ ಜಿನ್ನಪ್ಪಣ್ಣ. ನಾನಾಗಿ ಹೆಸರು ಹೇಳುವವರೆಗೆ ಎಂಟು ತಿಂಗಳು ಅವರು ನನ್ನನ್ನು ಬರೀ 'ತಂಗಿ' ಎಂದರು. ಒಡಹುಟ್ಟಿದವರಿಗಿಂತ ಹೆಚ್ಚಾಗಿ ಅವರನ್ನು ನಂಬಿದ್ದೆ.

ಕಡಲಿಗೆ ಊರು ಕಳೆದುಕೊಂಡವರನ್ನು ನಾವು ಮುಳುಗೂರಿನವರು ಎನ್ನುತ್ತೇವೆ. ಅವರು ಬಯಲಿನ ಶಿಬಿರ ಬಿಟ್ಟು ಗುಡ್ಡ ಹತ್ತಬಾರದೆಂದು ಈಗ ಈ ಬೆಟ್ಟಗಳನ್ನು ಆಳುವ ಘಟ್ಟ ಮಂಡಳಿಯ ಕಾನೂನು. ಕಳೆದ ತಿಂಗಳು ಮೀನುಗಾರರ ಕುಲದ ಅಜ್ಜಿಯೊಬ್ಬರು ಮಗಳನ್ನೂ ಎದೆಹಾಲಿನ ಮೊಮ್ಮಗಳನ್ನೂ ಕರೆದುಕೊಂಡು ಹತ್ತಿ ಬಂದರು. ಶಿಬಿರದ ಧೂಳಿಗೆ ಮಗುವಿಗೆ ಉಬ್ಬಸ. ಇಲ್ಲಿಗೆ ಬಂದ ಮೂರನೆಯ ದಿನ ಅದು ಏದುಸಿರಿಲ್ಲದೆ, ಬಾಯಿ ಮುಚ್ಚಿಕೊಂಡು ನಿದ್ದೆ ಮಾಡಿತು. ತಾಯಿ ಪಕ್ಕದಲ್ಲಿ ಕೂತು ಅದರ ಉಸಿರನ್ನೇ ನೋಡುತ್ತಿದ್ದಳು.

ಮರುದಿನ ಗಂಜಿ ಬಡಿಸುತ್ತಾ ಜಿನ್ನಪ್ಪಣ್ಣ ಕೇಳಿದರು: "ಅಜ್ಜೀ, ನಿಮ್ಮನ್ನು ಎಂತ ಹೇಳಿ ಕರೆಯುವುದು?"

"ಗುಲಾಬಿ, ಮಾರಾಯ. ಇವಳು ಪುಷ್ಪಲತಾ. ಈ ಪುಟ್ಟಿಗೆ ಇನ್ನೂ ಹೆಸರು ಇಡ್ಲಿಕ್ಕೆ ಆಗ್ಲಿಲ್ಲ."

ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ನನಗೆ ಅದು ಕೇಳಿಸಿತು. ಪ್ರೀತಿಯಿಂದ ಕೇಳಿರಬೇಕು ಎಂದುಕೊಂಡು ಸುಮ್ಮನಾದೆ.

ಎರಡು ದಿನದ ಮೇಲೆ ಮಂಡಳಿಯವರು ಐದು ಜನ ಬಂದರು. ಅವರ ಕೈಯಲ್ಲಿದ್ದ ಹಾಳೆಯನ್ನು ನಾನೇ ಓದಿದೆ. ಗುಲಾಬಿ. ಪುಷ್ಪಲತಾ. ಮೂರನೆಯ ಸಾಲಿನಲ್ಲಿ, 'ಹೆಸರಿಡದ ಹೆಣ್ಣು ಮಗು'. ಜಿನ್ನಪ್ಪಣ್ಣ ಒಲೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ತಮ್ಮ ಬಟ್ಟಲನ್ನು ತೊಳೆದು ಬೋರಲು ಹಾಕಿ ನನ್ನ ಮುಂದೆ ನಿಂತರು.

"ನಿನಗೂ ಗೊತ್ತಿತ್ತಾ ಮಗಳೇ?"

ಇಲ್ಲವೆಂದೆ. ಅವರು ನಂಬಲಿಲ್ಲ. ಮಂಡಳಿಯವರು ಮೂವರನ್ನೂ ಶಿಬಿರಕ್ಕೆ ಕರೆದೊಯ್ದರು. ಇಳಿಜಾರಿನ ಹುಲ್ಲಿನಾಚೆ ಅವರು ಮರೆಯಾಗುವವರೆಗೂ ಮಗುವಿನ ಕೆಮ್ಮು ಕೇಳುತ್ತಿತ್ತು.

"ಯಾಕಣ್ಣಾ?" ಎಂದೆ.

"ಎಂತ ಮಾಡುವುದು ತಂಗೀ? ಹೇಳದಿದ್ರೆ ಮನೆಯನ್ನೇ ಮುಚ್ಚಿಸ್ತಿದ್ರು. ಮೂರು ಜನರಿಗೋಸ್ಕರ ಟೀಚರ್ ಕಟ್ಟಿದ ಮನೆ ಬಿಡ್ಲಿಕ್ಕೆ ಆಗ್ತದಾ?"

ನಿಮ್ಮ ಹೆಸರು ಹೇಳಿಯೇ ಅವರು ಅದನ್ನು ಮಾಡಿದರು, ಟೀಚರ್. ಕೇಡು ಬಯಸುವವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಈಗ ಮಂಡಳಿಯ ಪರವಾನಗಿ ಗೋಡೆಯಲ್ಲಿ ನಿಮ್ಮ ಫೋಟೋದ ಪಕ್ಕ ತೂಗುತ್ತಿದೆ. ಹಾಸಿಗೆಗಳೆಲ್ಲ ತುಂಬಿವೆ. ಬಂದವರು ಹೆಂಚು ಮುಟ್ಟಿ ನೋಡುತ್ತಾರೆ, ನಿಯಮದ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಥೆ ಹೇಳುವವರು ಜಿನ್ನಪ್ಪಣ್ಣ. ಚೆನ್ನಾಗಿಯೇ ಹೇಳುತ್ತಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ನೀವಿನ್ನೂ ಆ ನಿಯಮ ಬರೆಯುತ್ತಿದ್ದರೆ, ಕೆಳಗೆ ಇನ್ನೊಂದು ಸಾಲು ಸೇರಿಸಿ: ಇದನ್ನು ಪಾಲಿಸಿದ್ದಕ್ಕೆ ಮನೆ ಮುಚ್ಚಿಹೋದರೆ ಮುಚ್ಚಿಹೋಗಲಿ.

ನಾಳೆ ಬೆಳಿಗ್ಗೆ ನಾನು ಆ ಮೂವರಿರುವ ಶಿಬಿರಕ್ಕೆ ಇಳಿಯುತ್ತೇನೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲವಂತೆ. ಹಾಗಾದರೆ ಮುಳುಗೂರಿನವಳೆಂದು ಬರೆಸಿಕೊಳ್ಳುತ್ತೇನೆ. ಒಳಗೆ ಹೋಗುವುದಕ್ಕೆ ಅಷ್ಟು ಸಾಕು; ಹೊರಗೆ ಬರುವುದರ ಬಗ್ಗೆ ನಾನು ಯಾರನ್ನೂ ವಿಚಾರಿಸಿಲ್ಲ.

ನಿಮ್ಮ,
ಯಮುನಾ