ಕಪ್ಪು ಕೂದಲಿನ ಮಗಳು

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ,
ಜೂನ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಏಣಿ ಹತ್ತುವ ಕೆಲಸ ಹುಡುಗರಿಗೆ ಬಿಡು ಎಂದರೆ ನೀನು ಕೇಳುವ ಗಿರಾಕಿಯಲ್ಲ, ಗೊತ್ತು. ನಿನ್ನ ಹೆಂಡತಿಯ ಕೆಮ್ಮು ಹೋಯಿತೇ? ಅಮ್ಮ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ನಿದ್ದೆಯೂ ಬರುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ನೆನಪು ಕೈಕೊಟ್ಟಿದ್ದರೂ ಕಿವಿ ಇನ್ನೂ ಚುರುಕು. ಅದಕ್ಕೇ ಬಸ್ಸುಗಳಿಲ್ಲದ ಹೊತ್ತು ನೋಡಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯಿಂದ ನನ್ನ ತಲೆ ಕೆಟ್ಟುಹೋಗಿದೆ.

ಮೊದಲು ಕೂದಲ ಬಣ್ಣದ ವಿಷಯ. ಭಾನುವಾರ ಬಂದರೆ ಅಮ್ಮ ಸ್ಟೀಲ್ ಬಟ್ಟಲಲ್ಲಿ ಕಪ್ಪು ಪುಡಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು, ಅಪ್ಪ, ಚಿಕ್ಕಮ್ಮ, ಆಮೇಲೆ ನರೆ ಬಂದಂತೆ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸುತ್ತಿದ್ದಳಲ್ಲ. ಒಂದೇ ಬಟ್ಟಲು, ಇಡೀ ಮನೆಗೆ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ನಮ್ಮ ಮನೆಯಲ್ಲಿ ಅದನ್ನು ಓದಿದವರು ಯಾರು? ಇಷ್ಟು ವರ್ಷ ಏನೂ ಆಗಲಿಲ್ಲ, ಇನ್ನೇನಾಗುತ್ತದೆ ಎಂದು ನಾನೂ ಬಳಿದುಕೊಳ್ಳುತ್ತಲೇ ಇದ್ದೆ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾಗುತ್ತಿಲ್ಲ, ಮುಖ ಊದಿ ಕುಂಬಳಕಾಯಿ. ಚರ್ಮದ ಡಾಕ್ಟರಮ್ಮ ನೋಡಿದವರೇ, "ಇನ್ನೊಂದು ಸಲ ಹಚ್ಚಿದ್ರೆ ಉಸಿರಿಗೇ ಕುತ್ತು ಬರಬಹುದು, ಇವತ್ತಿಗೆ ಬಿಟ್ಟುಬಿಡಿ" ಅಂದರು. ಕಪ್ಪು ಮೆಹಂದಿ ಎಂದು ಮಾರುವುದರಲ್ಲೂ ಬಹಳ ಸಲ ನನಗೆ ಒಗ್ಗದ ಅದೇ ರಾಸಾಯನಿಕ ಬೆರೆತಿರುತ್ತದಂತೆ. ಬರಿಯ ಮೆಹಂದಿ ಹಚ್ಚಿದರೆ ಬಿಳಿ ಕೂದಲೆಲ್ಲ ಕಿತ್ತಳೆ ಬಣ್ಣ. ಈ ವಯಸ್ಸಿನಲ್ಲಿ ಕೌಂಟರಿನೊಳಗೆ ಕಿತ್ತಳೆ ತಲೆ ಇಟ್ಟುಕೊಂಡು ಕೂರುವ ಧೈರ್ಯ ನನಗಿಲ್ಲಪ್ಪ.

ಹಾಗಾಗಿ ಬೆಳೆಯಲಿ ಎಂದು ಬಿಟ್ಟೆ. ಮೇಲೆ ಬಿಳಿ, ಕೆಳಗೆ ಕಪ್ಪು, ನೋಡಲಾಗದೆ ಮನೆಯಲ್ಲೂ ಹೊರಗೂ ತಲೆಗೆ ಸ್ಕಾರ್ಫ್ ಸುತ್ತಿಕೊಂಡೇ ಇದ್ದೆ. ನಿನ್ನೆ ಪಾರ್ಲರಿನವಳು, "ಎಷ್ಟು ದಿನ ಅಂತ ಮುಚ್ಚಿಡ್ತೀರ, ಕಪ್ಪೆಲ್ಲ ತೆಗೆದುಬಿಡ್ತೀನಿ ಕೂತ್ಕೊಳ್ಳಿ" ಎಂದು ಕಿವಿಯವರೆಗೆ ಕತ್ತರಿಸಿಬಿಟ್ಟಳು. ಬಿಳಿ ಕೂದಲು ಬೇಗ ಒಣಗುತ್ತದೆ, ವಾರಕ್ಕೆರಡು ಸಲ ಎಣ್ಣೆ ಹಚ್ಚಿ ಎಂದು ಉಪದೇಶವನ್ನೂ ಮಾಡಿದಳು. ಕನ್ನಡಿ ನೋಡಿದರೆ ಥೇಟ್ ನಮ್ಮ ಅಜ್ಜಿ, ಅಮ್ಮನ ಅಮ್ಮ, ಜ್ವರ ಬಂದಾಗ ಕೂದಲು ಕತ್ತರಿಸಿದ್ದರಲ್ಲ, ಆ ಅಜ್ಜಿ. ನಗು ಬಂತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಗಡ್ಡಧಾರಿಯೊಬ್ಬ ಎದ್ದು ನಿಂತು, "ಕೂತ್ಕೊಳ್ಳಿ ಅಜ್ಜಿ" ಅಂದ. ಅವನಿಗೂ ಐವತ್ತರ ಮೇಲಿರಬೇಕು. ಸಂಕೋಚಪಡದೆ ಕೂತೆ.

ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಅಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು. ಕೈಹಿಡಿದು ಎಬ್ಬಿಸಿದರೂ ಏಳಲು ಸತಾಯಿಸುವ ಅಮ್ಮ. "ಅಮ್ಮಾ, ಬಂದ್ಯಾ? ಎಷ್ಟೊತ್ತು ಕಾಯಿಸ್ತೀಯ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನನ್ನು ತನ್ನ ಅಮ್ಮ ಎಂದುಕೊಂಡಿದ್ದಳು. ಹಗಲು ನೋಡಿಕೊಳ್ಳುವ ಆಯಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅಮ್ಮ ನನ್ನನ್ನು ಕೂರಿಸಿ, ತಲೆ ಸವರಿ, "ಎಣ್ಣೆ ಕಾಣದೆ ಕೂದಲು ನಾರಾಗಿದೆ ನೋಡು" ಎಂದು ಎಣ್ಣೆ ಬಟ್ಟಲು ತರಿಸಿ ಹಚ್ಚತೊಡಗಿದಳು. ಆ ಬೆರಳುಗಳಿಗೆ ಏನೂ ಮರೆತಿಲ್ಲ ಕಣೋ. ನನಗೆ ಅಳು ಬಂತು, ಹಾಯೆನ್ನಿಸಿತು ಕೂಡ.

ಆಮೇಲೆ ಬಗ್ಗಿ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಇವತ್ತು ಇಲ್ಲೇ ಇದ್ದುಬಿಡು ಅಮ್ಮಾ. ಅವಳು ಬರೋ ಹೊತ್ತಾಯ್ತು. ಅವಳನ್ನ ಕಂಡ್ರೆ ನಂಗೆ ಭಯ." ಯಾರು ಎಂದು ಕೇಳಿದೆ, ಕೇಳಬಾರದಿತ್ತು. "ನನ್ನ ಮಗಳು, ಆ ಕಪ್ಪು ಕೂದಲಿನೋಳು. ಒಳ್ಳೆಯವಳೇ. ಆದ್ರೆ ಎಲ್ಲದಕ್ಕೂ ಗದರ್ತಾಳೆ. ಸ್ಟೌ ಮುಟ್ಟಬಾರ್ದು, ಬಾಗಿಲು ತೆಗೀಬಾರ್ದು, ಕೇಳಿದ್ದೇ ಕೇಳಬಾರ್ದು." ನನ್ನನ್ನು ಕಂಡರೆ ಭಯವಂತೆ, ನಮ್ಮಮ್ಮನಿಗೆ. ನಾನೇನು ಹೊಡೆದೆನೇ, ಉಪವಾಸ ಕೆಡವಿದೆನೇ? ಗ್ಯಾಸ್ ತೆರೆದಿಟ್ಟು ಮರೆತರೆ ಗದರದೆ ಮುದ್ದು ಮಾಡಲೇ? ದಿನವಿಡೀ ಇಲ್ಲಿ ಚಿಲ್ಲರೆ ಇಲ್ಲದವರ ಜೊತೆ ಕಿರುಚಿ ಹೋದರೆ ಮನೆಯಲ್ಲಿ ದನಿ ಇಳಿಯುವುದಿಲ್ಲ, ಅಷ್ಟೇ. ಇದನ್ನೆಲ್ಲ ಯಾರಿಗೆ ಹೇಳಲಿ? ನನಗೆ ತುಂಬ ನೋವಾಗಿದೆ ತಮ್ಮಾ.

ಆದರೂ ಆ ಮುಖ ನೋಡಲಾಗದೆ, "ಅವಳನ್ನ ಅವಳ ತಮ್ಮನ ಮನೆಗೆ ಕಳಿಸಿದೀನಿ, ಸದ್ಯಕ್ಕೆ ಬರಲ್ಲ" ಎಂದುಬಿಟ್ಟೆ. ಅಮ್ಮ ಮಗುವಿನ ಹಾಗೆ ನಕ್ಕು ಊಟ ಮಾಡಿದಳು, ತಕರಾರಿಲ್ಲದೆ ಮಾತ್ರೆ ನುಂಗಿದಳು. ಆದ್ದರಿಂದ ಫೋನಿನಲ್ಲಿ ಅಮ್ಮ ಕೇಳಿದರೆ, ಅಕ್ಕ ಇಲ್ಲೇ ಇದ್ದಾಳೆ, ಆರಾಮಾಗಿದ್ದಾಳೆ ಎಂದು ಹೇಳಿಬಿಡು. ನನಗೋಸ್ಕರ ಇಷ್ಟು ಮಾಡು.

ಮೈ ಕಡೆ ಗಮನವಿರಲಿ. ನಿನ್ನ ಹೆಂಡತಿಗೆ ನನ್ನ ನೆನಪುಗಳು. ಮಕ್ಕಳಿಗೆ ಈ ಅತ್ತೆಯ ಮುತ್ತು, ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಸೋಮವಾರ ಬೆಳಿಗ್ಗೆ, ಟಪಾಲಿಗೆ ಹಾಕುವ ಮುಂಚೆ ಅವಸರದಲ್ಲಿ ಸೇರಿಸುತ್ತಿದ್ದೇನೆ. ನಿನ್ನೆ ಸಂಜೆಯಿಂದ ಅಮ್ಮ ಒಂದೇ ಸಮನೆ, "ಅವಳನ್ನ ಕರೆಸು ಅಮ್ಮಾ, ಗದರಿದ್ರೂ ಪರವಾಗಿಲ್ಲ, ಬರಲಿ" ಎಂದು ಅಳುತ್ತಿದ್ದಾಳೆ. ತಡೆಯಲಾಗದೆ ರಾತ್ರಿಯೇ ಪಾರ್ಲರಿನವಳ ಹತ್ತಿರ ಕಪ್ಪು ವಿಗ್ ಇಸಕೊಂಡು ಬಂದು, ಹಾಕಿಕೊಂಡು ಎದುರಿಗೆ ನಿಂತೆ. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ಯಾರೋ ಬಂದಿದಾರೆ ನೋಡು" ಎಂದು ಕೂಗಿದಳು. ರಜೆ ಕೊಡಲಿ, ಬಿಡಲಿ, ನೀನು ಹೊರಟು ಬಾ. ಅವಳ ನೆನಪಿನಲ್ಲಿ ನಿನ್ನ ಮುಖವಾದರೂ ಉಳಿದಿರುವಾಗಲೇ ಬಾ. ಬರುವಾಗ ಕೂದಲಿಗೆ ಬಣ್ಣ ಹಚ್ಚಿಕೊಂಡೇ ಬಾ.